‘ಎಲ್ಲ ನಾರ್ಮಲ್ ಇದೆ’ ಅಂದ ನೂರೈವತ್ತು ವರ್ಷ: ಹೆಸರು ಸಿಗದ ಒಂದು ನೋವಿನ ಚರಿತ್ರೆ

ಹೋದ ವಾರದ ವಿಡಿಯೋದ ಲಿಖಿತ ರೂಪ ಇದು. ಕ್ಯಾಬ್‌ನಲ್ಲಿ, ಪಿಜಿ ರೂಮಿನಲ್ಲಿ ಈ ವಿಷಯ ಜೋರಾಗಿ ಕೇಳೋಕಾಗಲ್ಲ, ಓದೋ ಹಾಗೆ ಹಾಕಿ ಅಂತ ಕೆಲವರು ಮೆಸೇಜ್ ಮಾಡಿದ್ರು. ಅವರ ಸಂಕೋಚ ನನಗೆ ಅರ್ಥ ಆಗುತ್ತೆ. ಈ ಮಾತನ್ನ ನಾನೇ ಬಾಯಿಬಿಟ್ಟು ಹೇಳೋಕೆ ಎರಡು ವರ್ಷ ತಗೊಂಡಿದ್ದೆ.

ವಿಷಯ ಇಷ್ಟೇ. ಕೆಲವು ಹೆಂಗಸರಿಗೆ ಸಂಭೋಗದ ಹೊತ್ತಿನಲ್ಲಿ ತಡೆಯಲಾರದ ನೋವು ಬರುತ್ತೆ. ಒಂದು ದಿನದ್ದಲ್ಲ, ತಿಂಗಳುಗಟ್ಟಲೆ, ವರ್ಷಗಟ್ಟಲೆ. ಪರೀಕ್ಷೆ ಮಾಡಿಸಿದರೆ ಸೋಂಕಿಲ್ಲ, ಗಾಯವಿಲ್ಲ, ಸ್ಕ್ಯಾನ್‌ನಲ್ಲಿ ಏನೂ ಇಲ್ಲ. ನಾನು ಹುಬ್ಬಳ್ಳಿಯವಳು. ಮದುವೆಯಾಗಿ ಪುಣೆಗೆ ಬಂದು ಎಂಟು ತಿಂಗಳಾದಾಗ ಮೊದಲ ಡಾಕ್ಟರ್ ಹತ್ತಿರ ಹೋದೆ. ರಿಪೋರ್ಟ್ ನೋಡಿ ‘ಸಬ್ ನಾರ್ಮಲ್ ಹೈ’ ಅಂದ್ರು. ಎರಡನೆಯವರು ಫಂಗಸ್ ಇರಬಹುದು ಅಂತ ಮೂರು ಸಲ ಕ್ರೀಮ್ ಬರೆದುಕೊಟ್ಟರು. ಮೂರನೆಯವರು ‘ಐಟಿ ಕೆಲಸ, ಸ್ಟ್ರೆಸ್ ಇರುತ್ತೆ, ಇಬ್ಬರೂ ಎಲ್ಲಾದ್ರೂ ಸುತ್ತಾಡಿಕೊಂಡು ಬನ್ನಿ’ ಅಂದ್ರು. ನಾಲ್ಕನೆಯವರು ಒಂದು ಮಗು ಮಾಡಿಕೊಳ್ಳಿ ಅಂದ್ರು. ಫೋನಿನಲ್ಲಿ ನಮ್ಮ ಚಿಗವ್ವ ಹೇಳಿದ್ದೂ ಅದೇ: ‘ಎಲ್ಲಾರಿಗೂ ಹಂಗ ಆಗ್ತೈತಿ ತಂಗಿ, ಒಂದು ಕೂಸು ಆತಂದ್ರ ಎಲ್ಲಾ ಸರಿ ಹೊಕ್ಕೈತಿ.’

ನಮ್ಮ ಕೆಲಸದಲ್ಲಿ ಇದಕ್ಕೆ ಒಂದು ಹೆಸರಿದೆ. ಟೆಸ್ಟರ್ ಬಗ್ ಹಾಕ್ತಾಳೆ. ಡೆವಲಪರ್ ನೋಡಿ ‘ನನ್ನ ಮಷೀನ್‌ನಲ್ಲಿ ಸರಿಯಾಗೇ ಓಡ್ತಿದೆ’ ಅಂತಾನೆ. ಟಿಕೆಟ್ ಮೇಲೆ ‘ಕ್ಯಾನಾಟ್ ರೀಪ್ರೊಡ್ಯೂಸ್’ ಅಂತ ಬರೆದು ಮುಚ್ಚಿಬಿಡ್ತಾನೆ. ಬಗ್ ಮಾತ್ರ ಅಲ್ಲೇ ಇರುತ್ತೆ. ಎಂಟೆಕ್ ಮಾಡುವಾಗ ಒಂದು ಅಭ್ಯಾಸ ಹತ್ತಿತ್ತು: ಏನಾದರೂ ಅರ್ಥ ಆಗದಿದ್ದರೆ ಹಳೇ ಪೇಪರ್‌ಗಳನ್ನ ಹುಡುಕೋದು. ಹಾಗೇ ಹುಡುಕಿದೆ. ಈ ಟಿಕೆಟ್ಟನ್ನ ಯಾರು ಯಾವಾಗ ತೆರೆದರು, ಯಾರು ಮುಚ್ಚಿದರು ಅನ್ನೋದೇ ಇವತ್ತಿನ ಚರಿತ್ರೆ.

ಹಳೇ ಗ್ರಂಥಗಳಿಗೆ ಗೊತ್ತಿತ್ತು

ಇದು ಹೊಸ ಕಾಲದ ಕಾಯಿಲೆ, ಲ್ಯಾಪ್‌ಟಾಪ್ ಕಾಯಿಲೆ ಅನ್ನೋರಿಗೆ ಮೊದಲ ಉತ್ತರ ನಮ್ಮ ಆಯುರ್ವೇದದಲ್ಲೇ ಇದೆ. ಚರಕ ಸಂಹಿತೆ, ಸುಶ್ರುತ ಸಂಹಿತೆ ಎರಡರಲ್ಲೂ 20 ಯೋನಿವ್ಯಾಪತ್ತುಗಳ ಪಟ್ಟಿ ಬರುತ್ತೆ. ಅದರಲ್ಲಿ ‘ಪರಿಪ್ಲುತಾ’ ಅನ್ನೋದು ಒಂದು. ಸುಶ್ರುತದ ಪ್ರಕಾರ ಅದರ ಲಕ್ಷಣವೇ ಸಂಭೋಗದ ಸಮಯದ ತೀವ್ರ ನೋವು. ಚರಕದಲ್ಲಿ ಅದೇ ಹೆಸರಿನ ಕೆಳಗೆ ಬಾವು, ನೋವು, ಮುಟ್ಟಿದರೆ ತಡೆಯಲಾಗದ ಸ್ಥಿತಿಯ ವರ್ಣನೆ ಇದೆ.

‘ಎಲ್ಲಾ ನಮ್ಮಲ್ಲೇ ಇತ್ತು’ ಅಂತ ಎದೆ ತಟ್ಟಿಕೊಳ್ಳೋಕೆ ಇದನ್ನ ಹೇಳ್ತಿಲ್ಲ. ಚರಕ ಕೊಡುವ ಕಾರಣ ನೋಡಿ: ಸಂಭೋಗದ ವೇಳೆ ಹೆಣ್ಣು ಸೀನು, ತೇಗು ತಡೆದುಕೊಂಡದ್ದರಿಂದ ದೋಷ ಕೆರಳಿತು ಅಂತ. ನೋವು ಇದೆ ಅಂತ ಒಪ್ಪಿಕೊಂಡರು, ಕಾರಣ ಮಾತ್ರ ಅವಳ ತಲೆಗೇ ಕಟ್ಟಿದರು. ಈ ಧಾಟಿಯನ್ನ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಮತ್ತೆ ಬರುತ್ತೆ.

ಗರಿ, ಕತ್ತರಿ, ಈಥರ್

ಈಗ 1861ರ ಲಂಡನ್‌ಗೆ ಬರೋಣ. ಅಮೆರಿಕದ ಶಸ್ತ್ರವೈದ್ಯ ಜೇಮ್ಸ್ ಮೇರಿಯನ್ ಸಿಮ್ಸ್ ಅಲ್ಲಿನ ಆಬ್‌ಸ್ಟೆಟ್ರಿಕಲ್ ಸೊಸೈಟಿಯಲ್ಲಿ ಒಂದು ಪ್ರಬಂಧ ಓದಿದ. ಮದುವೆಯಾಗಿ 25 ವರ್ಷವಾದರೂ ಸಂಪರ್ಕ ಸಾಧ್ಯವಾಗದಿದ್ದ ಒಬ್ಬ ಹೆಂಗಸನ್ನ ಅವನು ನೋಡಿದ್ದ. ಯೋನಿದ್ವಾರಕ್ಕೆ ಗರಿ, ಕುಂಚದಂಥ ಹಗುರ ವಸ್ತು ತಾಗಿದರೂ ಇಂಥ ರೋಗಿಗಳು ನೋವಿನಿಂದ ನರಳುತ್ತಾರೆ ಅಂತ ವಿವರಿಸಿದ. ಈ ಸ್ಥಿತಿಗೆ ಅವನಿಟ್ಟ ಹೆಸರು ‘ವ್ಯಾಜಿನಿಸ್ಮಸ್’. ಅವನ ಗಮನ ಹೋದದ್ದು ಸ್ನಾಯು ಬಿಗಿಯುವುದರ ಕಡೆಗೆ. ಪರಿಹಾರ ಅಂತ ಹೇಳಿದ್ದು ಕನ್ಯಾಪೊರೆಯ ಉಳಿಕೆಯನ್ನ ಕತ್ತರಿಸಿ, ದ್ವಾರವನ್ನ ಕುಯ್ದು ಅಗಲ ಮಾಡಿ, ಆಮೇಲೆ ಗಾಜಿನ ಡೈಲೇಟರ್ ಇಡೋದು.

1866ರ ಅವನ ಪುಸ್ತಕದಲ್ಲಿ ಇನ್ನೊಂದು ಪ್ರಕರಣ ಇದೆ. ಓದಿದ ದಿನ ನನಗೆ ಊಟ ಸೇರಲಿಲ್ಲ. ಹೆಂಡತಿಗೆ ನೋವು ತಡೆಯಲಾಗಲ್ಲ ಅಂತ ವೈದ್ಯನೊಬ್ಬ ಮನೆಗೆ ಹೋಗಿ ಅವಳಿಗೆ ಈಥರ್ ಕೊಟ್ಟು ಎಚ್ಚರ ತಪ್ಪಿಸುತ್ತಿದ್ದ. ಆಮೇಲೆ ಗಂಡ ಕೂಡುತ್ತಿದ್ದ. ವಾರಕ್ಕೆ ಎರಡು ಮೂರು ಸಲ. ಕೊನೆಗೆ ಗರ್ಭ ನಿಂತಿತು. ಅವತ್ತಿನ ಲೆಕ್ಕದಲ್ಲಿ ಟಿಕೆಟ್ ಕ್ಲೋಸ್: ಗಂಡನ ಸಮಸ್ಯೆ ಬಗೆಹರಿಯಿತು, ವಂಶದ ಸಮಸ್ಯೆ ಬಗೆಹರಿಯಿತು. ಅವಳ ನೋವು ಏನಾಯಿತು ಅನ್ನೋದು ಲೆಕ್ಕಕ್ಕೇ ಬರಲಿಲ್ಲ.

ಈ ಸಿಮ್ಸ್ ಯಾರು ಅಂತಲೂ ಹೇಳಬೇಕು. 1845ರಿಂದ 1849ರವರೆಗೆ ಅಲಬಾಮಾದ ಮಾಂಟ್‌ಗೊಮೆರಿಯಲ್ಲಿ ಗುಲಾಮ ಹೆಂಗಸರ ಮೇಲೆ, ಅರಿವಳಿಕೆ ಕೊಡದೆ, ಫಿಸ್ಟುಲಾ ಶಸ್ತ್ರಚಿಕಿತ್ಸೆಯನ್ನ ಮತ್ತೆ ಮತ್ತೆ ಮಾಡಿ ಕಲಿತವನು. ಅವರಲ್ಲಿ ಮೂವರ ಹೆಸರು ಉಳಿದಿದೆ: ಅನಾರ್ಕಾ, ಬೆಟ್ಸಿ, ಲೂಸಿ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನಲ್ಲಿದ್ದ ಅವನ ಪ್ರತಿಮೆಯನ್ನ 2018ರಲ್ಲಿ ತೆಗೆದರು. ಒಬ್ಬ ಹೆಣ್ಣಿನ ನೋವು ಎಷ್ಟು ನಿಜ ಅನ್ನೋದನ್ನ ಯಾರು ತೀರ್ಮಾನಿಸುತ್ತಿದ್ದರು ಅಂತ ಗೊತ್ತಾದರೆ, ಮುಂದಿನ ನೂರು ವರ್ಷ ಅರ್ಥ ಆಗುತ್ತೆ.

ಕಂಡದ್ದು ಮರೆತುಹೋಯಿತು

1874ರಲ್ಲಿ ಲಂಡನ್ನಿನ ರಾಬರ್ಟ್ ಬಾರ್ನ್ಸ್ ಸಂಭೋಗದ ನೋವಿಗೆ ‘ಡಿಸ್ಪರೂನಿಯಾ’ ಅನ್ನೋ ಗ್ರೀಕ್ ಮೂಲದ ಹೆಸರು ಕೊಟ್ಟ. ಕಷ್ಟದ ಕೂಡಿಕೆ ಅನ್ನೋ ಅರ್ಥ. ಅದೇ ಕಾಲದಲ್ಲಿ ನ್ಯೂಯಾರ್ಕಿನ ಗೇಲಾರ್ಡ್ ಥಾಮಸ್, 1880ರ ದಶಕದಲ್ಲಿ ಬ್ರೂಕ್ಲಿನ್ನಿನ ಅಲೆಕ್ಸಾಂಡರ್ ಸ್ಕೀನ್, ಇಬ್ಬರೂ ತಮ್ಮ ಪಠ್ಯಪುಸ್ತಕಗಳಲ್ಲಿ ಈ ನೋವನ್ನ ವಿವರಿಸಿದರು. ಸ್ಕೀನ್ ಬರೆದಿದ್ದರ ಸಾರ ಇದು: ತುರಿಕೆ ಇಲ್ಲ, ಕೆಂಪಾಗಿಲ್ಲ, ಕಣ್ಣಿಗೆ ಏನೂ ಕಾಣಲ್ಲ. ಆದರೆ ಬೆರಳು ಆ ಜಾಗಕ್ಕೆ ತಾಗಿದ ಕೂಡಲೇ ರೋಗಿ ಕೂಗಿಕೊಳ್ಳುತ್ತಾಳೆ. ಇದು ನರಗಳ ಅತಿ ಸಂವೇದನೆ ಅಂತ ಅವರು ಗುರುತಿಸಿದ್ದರು. ನನ್ನ ನಾಲ್ಕೂ ರಿಪೋರ್ಟ್‌ಗಳ ಮೇಲೆ ಅಂಟಿಸಬಹುದಾದ ಮಾತು, ನಾನು ಹುಟ್ಟೋಕೆ ನೂರು ವರ್ಷ ಮೊದಲೇ ಅಚ್ಚಾಗಿತ್ತು. 1928ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಹೊವಾರ್ಡ್ ಕೆಲ್ಲಿಯೂ ಯೋನಿದ್ವಾರದ ಅಂಚಿನ ಅತಿಸೂಕ್ಷ್ಮ ಕೆಂಪು ಚುಕ್ಕೆಗಳ ಬಗ್ಗೆ ಬರೆದ.

ಆಮೇಲೆ ಹೆಚ್ಚುಕಡಿಮೆ ಐವತ್ತು ವರ್ಷ ವೈದ್ಯ ಸಾಹಿತ್ಯದಲ್ಲಿ ಮೌನ.

ಆ ಐವತ್ತು ವರ್ಷದಲ್ಲಿ ನೋವು ನಿಂತಿತ್ತಾ? ಇಲ್ಲ. ನೋವಿನ ವಿಳಾಸ ಬದಲಾಯಿತು. ಫ್ರಾಯ್ಡ್ ನಂತರದ ಮನೋವಿಶ್ಲೇಷಣೆಯ ಕಾಲ ಅದು. ದೇಹದಲ್ಲಿ ಕಾಣದ ನೋವು ಮನಸ್ಸಿನದು. ಸಂಭೋಗದ ನೋವು ಅಂದರೆ ಅವಳಿಗೆ ಗಂಡಸಿನ ಮೇಲೆ ಒಳದ್ವೇಷ, ಹೆಣ್ಣಾಗಿರೋದನ್ನ ಒಪ್ಪಿಕೊಂಡಿಲ್ಲ, ಹೀಗೆಲ್ಲ ವ್ಯಾಖ್ಯಾನ ಬಂತು. 1970ರಲ್ಲಿ ಮಾಸ್ಟರ್ಸ್ ಮತ್ತು ಜಾನ್ಸನ್ ಡೈಲೇಟರ್ ಮತ್ತು ಜೋಡಿಗಳ ತರಬೇತಿಯನ್ನ ಜನಪ್ರಿಯ ಮಾಡಿದರು. ಅದು ಬೈಗುಳಕ್ಕಿಂತ ಎಷ್ಟೋ ವಾಸಿ. ಆದರೂ ಪ್ರಶ್ನೆ ಉಳಿದದ್ದು ‘ಸಂಪರ್ಕ ಸಾಧ್ಯ ಆಯಿತಾ’ ಅಂತ. ‘ನೋವು ಹೋಯಿತಾ’ ಅನ್ನೋದು ಎರಡನೆಯ ಪ್ರಶ್ನೆ. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ ಮೂರನೇ ಆವೃತ್ತಿ ಈ ನೋವನ್ನ ಲೈಂಗಿಕ ದೋಷಗಳ ಪಟ್ಟಿಗೆ ಸೇರಿಸಿತು. ಯೋಚನೆ ಮಾಡಿ: ಸೊಂಟ ನೋವಿನಿಂದ ಕೂತು ಕೆಲಸ ಮಾಡೋಕಾಗದವನಿಗೆ ‘ಉದ್ಯೋಗ ದೋಷ’ ಅಂತ ಯಾರಾದರೂ ಹೆಸರಿಡ್ತಾರಾ?

ಹತ್ತಿ ಸುತ್ತಿದ ಕಡ್ಡಿ

ಬದಲಾವಣೆ ಬಂದದ್ದು ತೀರಾ ಸಾಮಾನ್ಯ ವಸ್ತುವಿನಿಂದ. 1983ರ ಸುಮಾರಿಗೆ ಯೋನಿಯ ಹೊರಭಾಗದ ಕಾಯಿಲೆಗಳ ಅಂತರರಾಷ್ಟ್ರೀಯ ಸಂಘ ‘ವಲ್ವೊಡೀನಿಯಾ’ ಅನ್ನೋ ಪದವನ್ನ ಚಾಲ್ತಿಗೆ ತಂದಿತು. 1987ರಲ್ಲಿ ಫ್ಲಾರಿಡಾದ ಎಡ್ವರ್ಡ್ ಫ್ರೆಡ್ರಿಕ್ ಪತ್ತೆಹಚ್ಚುವ ಮೂರು ಅಂಶ ಕೊಟ್ಟ: ಪ್ರವೇಶದ ಪ್ರಯತ್ನದಲ್ಲಿ ಅಥವಾ ಮುಟ್ಟಿದಾಗ ತೀವ್ರ ನೋವು, ಯೋನಿದ್ವಾರದ ಸುತ್ತಲ ಜಾಗವನ್ನ ಒತ್ತಿದರೆ ನೋವು, ಅಲ್ಲಿ ಹೆಚ್ಚುಕಡಿಮೆ ಕೆಂಪು. ಸಾಧನ ಯಾವುದು? ಕಿವಿಗೆ ಹಾಕ್ತೀವಲ್ಲ, ಅಂಥ ಹತ್ತಿ ಸುತ್ತಿದ ಕಡ್ಡಿ. ಗಡಿಯಾರದ ಮುಳ್ಳಿನ ಹಾಗೆ ಒಂದೊಂದು ಜಾಗ ಮುಟ್ಟುತ್ತಾ ಹೋಗೋದು, ಎಲ್ಲಿ, ಎಷ್ಟು ಅಂತ ಕೇಳೋದು. ಸಿಮ್ಸ್‌ನ ಗರಿಯೇ ವಾಪಸ್ ಬಂತು. ವ್ಯತ್ಯಾಸ ಒಂದೇ. ಈ ಸಲ ಮುಟ್ಟಿದ ಮೇಲೆ ಕತ್ತರಿ ಎತ್ತಿಕೊಳ್ಳುವ ಮೊದಲು ಅವಳ ಉತ್ತರವನ್ನ ಬರೆದುಕೊಂಡರು. ಕೊನೆಗೂ ಬಗ್ ರೀಪ್ರೊಡ್ಯೂಸ್ ಆಯಿತು.

ಕೇಳಿದರೆ ಎಷ್ಟು ಜನ ಸಿಗ್ತಾರೆ? ಮಾರ್ಥಾ ಗೆಟ್ಷ್ ಅನ್ನೋ ಅಮೆರಿಕದ ಸ್ತ್ರೀರೋಗ ವೈದ್ಯೆ ತಮ್ಮ ಸಾಮಾನ್ಯ ಕ್ಲಿನಿಕ್‌ಗೆ ಬಂದ 210 ಹೆಂಗಸರಿಗೂ ಈ ಪರೀಕ್ಷೆ ಮಾಡಿ 1991ರಲ್ಲಿ ವರದಿ ಕೊಟ್ಟರು. ಸುಮಾರು 15 ಶೇಕಡಾ ಹೆಂಗಸರಲ್ಲಿ ಈ ಲಕ್ಷಣ ಪೂರ್ತಿ ಇತ್ತು. ಅವರೆಲ್ಲ ಈ ನೋವಿಗಾಗಿಯೇ ಬಂದವರಲ್ಲ. 2003ರಲ್ಲಿ ಬರ್ನಾರ್ಡ್ ಹಾರ್ಲೋ ಮತ್ತು ಎಲಿಜಬೆತ್ ಸ್ಟುವರ್ಟ್ ಬಾಸ್ಟನ್ ಸುತ್ತಮುತ್ತಲಿನ ಸಾವಿರಾರು ಹೆಂಗಸರನ್ನ ಕೇಳಿದಾಗ ಸುಮಾರು 16 ಶೇಕಡಾ ಮಂದಿ ಕನಿಷ್ಠ ಮೂರು ತಿಂಗಳ ಇಂಥ ನೋವು ತಮಗೆ ಯಾವಾಗಲಾದರೂ ಇತ್ತು ಅಂದರು. ಅವರಲ್ಲಿ ಸುಮಾರು 40 ಶೇಕಡಾ ಮಂದಿ ಡಾಕ್ಟರ್ ಹತ್ತಿರ ಹೋಗಿರಲೇ ಇಲ್ಲ. ಹೋದವರಲ್ಲಿ ಸುಮಾರು 60 ಶೇಕಡಾ ಮಂದಿ ಮೂರು ಅಥವಾ ಹೆಚ್ಚು ಡಾಕ್ಟರ್‌ಗಳನ್ನ ಕಂಡಿದ್ದರು. ನಾಲ್ಕು ಡಾಕ್ಟರ್ ಸುತ್ತಿದ್ದ ನಾನು ಆ ಸಾಲು ಓದಿ ಅತ್ತೆ. ದುಃಖಕ್ಕಲ್ಲ, ಇಷ್ಟು ಜನ ಜೊತೆಗಿದ್ದಾರಲ್ಲ ಅಂತ.

ಈ ಲೆಕ್ಕ ತಾನಾಗಿ ಶುರುವಾಗಲಿಲ್ಲ. 1994ರಲ್ಲಿ ಅಮೆರಿಕದಲ್ಲಿ ನೋವಿದ್ದ ಕೆಲವು ಹೆಂಗಸರೇ ಸೇರಿ ನ್ಯಾಷನಲ್ ವಲ್ವೊಡೀನಿಯಾ ಅಸೋಸಿಯೇಷನ್ ಕಟ್ಟಿದರು. ಸರ್ಕಾರದ ಹಣ ಸಂಶೋಧನೆಗೆ ಬರಲಿ ಅಂತ ಬೆನ್ನು ಹತ್ತಿದರು. 1997ರಲ್ಲಿ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಈ ವಿಷಯಕ್ಕೇ ಒಂದು ಸಮ್ಮೇಳನ ನಡೆಯಿತು. ಜನಪ್ರಿಯ ಸಂಸ್ಕೃತಿ ಮಾತ್ರ ಹಿಂದೆಯೇ ಇತ್ತು. 2001ರಲ್ಲಿ ‘ಸೆಕ್ಸ್ ಅಂಡ್ ದ ಸಿಟಿ’ ಸರಣಿಯ ಒಂದು ಕಂತಿನಲ್ಲಿ ಒಬ್ಬ ಪಾತ್ರಕ್ಕೆ ಇದೇ ಕಾಯಿಲೆ ಬಂದಾಗ, ಆ ಅಂಗಕ್ಕೆ ಡಿಪ್ರೆಷನ್ ಬಂದಿದೆ ಅಂತ ತಮಾಷೆ ಮಾಡಿ ಮುಗಿಸಿದರು.

ನೋವಿಗೆ ಪದ ಬೇಕು

ನನಗೆ ಹೆಚ್ಚು ಹತ್ತಿರವಾದ ಭಾಗ ಕೆನಡಾದ ಮಾಂಟ್ರಿಯಲ್‌ನಲ್ಲಿದೆ. ಅಲ್ಲಿನ ಮೆಕ್‌ಗಿಲ್ ವಿಶ್ವವಿದ್ಯಾಲಯದ ರೊನಾಲ್ಡ್ ಮೆಲ್ಜಾಕ್ 1965ರಲ್ಲಿ ಪ್ಯಾಟ್ರಿಕ್ ವಾಲ್ ಜೊತೆ ಸೇರಿ ನೋವಿನ ‘ಗೇಟ್ ಕಂಟ್ರೋಲ್’ ಸಿದ್ಧಾಂತ ಕೊಟ್ಟವರು. ನೋವು ಅಂದರೆ ಗಾಯದಿಂದ ಮಿದುಳಿಗೆ ನೇರವಾಗಿ ಎಳೆದ ವೈರ್ ಅಲ್ಲ, ಬೆನ್ನುಹುರಿಯಲ್ಲೇ ಸಂಕೇತವನ್ನ ಏರಿಸುವ, ಇಳಿಸುವ ವ್ಯವಸ್ಥೆ ಇದೆ ಅನ್ನೋದು ಅದರ ಸಾರ. ಅಂದರೆ ಗಾಯ ಇಲ್ಲದೆಯೂ ನೋವು ನಿಜವಾಗಿರಬಹುದು. 1975ರಲ್ಲಿ ಅವರು 78 ನೋವಿನ ಪದಗಳನ್ನ 20 ಗುಂಪು ಮಾಡಿ ಒಂದು ಪ್ರಶ್ನಾವಳಿ ಪ್ರಕಟಿಸಿದರು. ರೋಗಿ ಬಳಸುವ ಪದವೇ ಡೇಟಾ ಅನ್ನೋದು ಅದರ ನಂಬಿಕೆ.

ಅದೇ ಮೆಕ್‌ಗಿಲ್‌ನಲ್ಲಿ ಮನೋವಿಜ್ಞಾನಿ ಇರ್ವಿಂಗ್ ಬಿನಿಕ್ ಮತ್ತು ಅವರ ವಿದ್ಯಾರ್ಥಿನಿಯರು ಪ್ರಶ್ನೆಯನ್ನೇ ತಿರುಗಿಸಿದರು. ಇದು ನೋವಿನಿಂದ ಕೆಟ್ಟ ಲೈಂಗಿಕತೆ, ಲೈಂಗಿಕತೆ ಕೆಟ್ಟು ಬಂದ ನೋವಲ್ಲ. ಆದ್ದರಿಂದ ಸೊಂಟ ನೋವು, ತಲೆನೋವುಗಳ ಸಾಲಿನಲ್ಲಿಟ್ಟು ನೋಡಿ ಅಂತ 2005ರಲ್ಲಿ ವಾದಿಸಿದರು. ಅದೇ ವರ್ಷ ಕ್ಯಾರೊಲಿನ್ ಪುಕಾಲ್ ಮತ್ತು ಜೊತೆಗಾರರು ಎಫ್‌ಎಂಆರ್‌ಐ ಚಿತ್ರಗಳಲ್ಲಿ ತೋರಿಸಿದ್ದು ಏನು? ಬೇರೆಯವರಿಗೆ ಬರೀ ಸ್ಪರ್ಶ ಅನ್ನಿಸುವ ಒತ್ತಡಕ್ಕೂ ಈ ಹೆಂಗಸರ ಮಿದುಳಿನ ನೋವಿನ ಭಾಗಗಳು ಹೆಚ್ಚು ಚುರುಕಾಗುತ್ತವೆ. ಅದಕ್ಕೂ ಮೊದಲು, 1998ರಲ್ಲಿ, ಸ್ವೀಡನ್ನಿನ ಸಂಶೋಧಕರು ಆ ಜಾಗದ ಚರ್ಮದ ತುಣುಕನ್ನ ಸೂಕ್ಷ್ಮದರ್ಶಕದಲ್ಲಿ ನೋಡಿ ನರಗಳ ತುದಿಗಳು ಸಾಮಾನ್ಯಕ್ಕಿಂತ ಹೆಚ್ಚಿರೋದನ್ನ ಕಂಡಿದ್ದರು. ಥಾಮಸ್, ಸ್ಕೀನ್ ಊಹಿಸಿದ್ದು ನೂರು ವರ್ಷದ ನಂತರ ಕಣ್ಣಿಗೆ ಕಂಡಿತು. ಇನ್ನೊಂದು ಕಡೆ, ಸಿಮ್ಸ್ ಹೇಳಿದ ಸ್ನಾಯುಸೆಳೆತವನ್ನ 2004ರಲ್ಲಿ ಎಲ್ಕೆ ರೈಸಿಂಗ್ ಮತ್ತು ಜೊತೆಗಾರರು ಪರೀಕ್ಷಿಸಿದಾಗ, ವ್ಯಾಜಿನಿಸ್ಮಸ್ ಅಂತ ಹಣೆಪಟ್ಟಿ ಹೊತ್ತವರಲ್ಲಿ ಸುಮಾರು ಕಾಲುಭಾಗದವರಲ್ಲಿ ಮಾತ್ರ ಅದು ಕಂಡಿತು. ಬಿಗಿತ, ಭಯ, ನೋವು ಬೇರೆ ಬೇರೆ ಮಾಡಲಾಗದಷ್ಟು ಹೆಣೆದುಕೊಂಡಿರುತ್ತವೆ ಅನ್ನೋ ತಿಳಿವಳಿಕೆಯಲ್ಲಿ 2013ರ ಡಿಎಸ್‌ಎಂ ಐದನೇ ಆವೃತ್ತಿ ಎರಡೂ ಹಳೇ ಹೆಸರುಗಳನ್ನ ಒಂದು ಮಾಡಿತು.

ಪದಗಳ ಮಾತು ಬಂತಲ್ಲ, ನಮ್ಮ ಕಡೆ ಬರ್ತೀನಿ. ಪುಣೆಯ ಕ್ಲಿನಿಕ್‌ನಲ್ಲಿ ನನ್ನ ಹತ್ತಿರ ಇದ್ದದ್ದು ಮೂರೇ ಪದ: ‘ಬಹುತ್ ದರ್ದ್ ಹೈ’. ಕನ್ನಡದಲ್ಲಿ ಕೇಳಿದ್ದರೆ ಹೇಳುತ್ತಿದ್ದೆ. ಉರಿ ಹತ್ತಿದ ಹಾಗೆ, ಮೆಣಸಿನಕಾಯಿ ಹಚ್ಚಿದ ಹಾಗೆ. ಬ್ಲೇಡ್‌ನಲ್ಲಿ ಸೀಳಿದ ಹಾಗೆ. ಆಮೇಲೆ ಒಂದು ದಿನ ಚುರುಚುರು. ಒಳಗೆ ಆಳದಲ್ಲಲ್ಲ, ಬಾಗಿಲಲ್ಲೇ. ಈ ಒಂದು ವಿವರವೇ ರೋಗನಿರ್ಣಯದ ಅರ್ಧ. ಆಳದ ನೋವಾದರೆ ಎಂಡೊಮೆಟ್ರಿಯೋಸಿಸ್‌ನಂಥ ಬೇರೆ ಕಾರಣ ಹುಡುಕಬೇಕು. ಬಾಗಿಲ ಉರಿಯಾದರೆ ಸೋಂಕು, ಚರ್ಮದ ಕಾಯಿಲೆ, ಬಾಣಂತನದ ಅಥವಾ ಮುಟ್ಟು ನಿಂತ ಮೇಲಿನ ಹಾರ್ಮೋನ್ ಕೊರತೆ ಇವನ್ನೆಲ್ಲ ತಳ್ಳಿಹಾಕಿದ ಮೇಲೆ ಹತ್ತಿ ಕಡ್ಡಿಯ ಪರೀಕ್ಷೆ. ನಾನು ಬಾಗಿಲು ಅಂತ ಹೇಳಲೇ ಇಲ್ಲ, ಅವರೂ ಎಲ್ಲಿ ಅಂತ ಕೇಳಲಿಲ್ಲ.

ನಮ್ಮ ದೇಶದಲ್ಲಿ ಕೇಳಿದವರು ಇಲ್ಲ ಅಂತಲ್ಲ. ಇಲ್ಲೇ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ರಾಣಿ ಬಂಗ್ ಮತ್ತು ಜೊತೆಗಾರರು ಎರಡು ಹಳ್ಳಿಗಳ 650 ಹೆಂಗಸರನ್ನ ಪರೀಕ್ಷೆ ಮಾಡಿ 1989ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. 92 ಶೇಕಡಾ ಹೆಂಗಸರಿಗೆ ಒಂದಲ್ಲ ಒಂದು ಸ್ತ್ರೀರೋಗ ಇತ್ತು. ಅದಕ್ಕೂ ಮೊದಲು ಪರೀಕ್ಷೆ ಮಾಡಿಸಿಕೊಂಡಿದ್ದವರು 8 ಶೇಕಡಾ. ಅದು ಬರೀ ಈ ನೋವಿನ ಅಧ್ಯಯನ ಅಲ್ಲ, ಆದರೆ ಪಾಠ ಒಂದೇ. ಹೇಳಲಿಲ್ಲ ಅಂದ ಮಾತ್ರಕ್ಕೆ ನೋವಿಲ್ಲ ಅಂತಲ್ಲ, ಯಾರೂ ಕೇಳಿರಲಿಲ್ಲ ಅಷ್ಟೇ.

ಇವತ್ತಿನ ಸ್ಥಿತಿ

ಈಗ ಎಲ್ಲ ಪರಿಹಾರ ಸಿಕ್ಕಿಬಿಟ್ಟಿದೆ ಅಂತ ಹೇಳಿದರೆ ಸುಳ್ಳಾಗುತ್ತೆ. 2001ರಲ್ಲಿ ಸೋಫಿ ಬರ್ಜೆರಾನ್ ತಂಡ 78 ಹೆಂಗಸರನ್ನ ಮೂರು ಗುಂಪು ಮಾಡಿ ಗುಂಪು ಮನೋಚಿಕಿತ್ಸೆ, ಬಯೋಫೀಡ್‌ಬ್ಯಾಕ್, ಶಸ್ತ್ರಚಿಕಿತ್ಸೆ ಹೋಲಿಸಿತು. ಮೂರರಲ್ಲೂ ನೋವು ಇಳಿಯಿತು, ಶಸ್ತ್ರಚಿಕಿತ್ಸೆಯಲ್ಲಿ ಹೆಚ್ಚು. ಆದರೆ ಅದಕ್ಕೆ ಎಲ್ಲರೂ ಒಪ್ಪಲಿಲ್ಲ, ಎಲ್ಲರಿಗೂ ಅದು ಹೊಂದುವುದೂ ಇಲ್ಲ. ಇನ್ನೊಂದು ಕಡೆ, ವರ್ಷಗಟ್ಟಲೆ ಡಾಕ್ಟರ್‌ಗಳು ನಂಬಿ ಬರೆಯುತ್ತಿದ್ದ ಡೆಸಿಪ್ರಮೀನ್ ಮಾತ್ರೆ, ಲಿಡೊಕೇನ್ ಮುಲಾಮು ಎರಡನ್ನೂ 2010ರಲ್ಲಿ 133 ಹೆಂಗಸರ ಮೇಲೆ ಸರಿಯಾಗಿ ಪರೀಕ್ಷಿಸಿದಾಗ ಡಮ್ಮಿ ಮದ್ದಿಗಿಂತ ಹೆಚ್ಚೇನೂ ಫಲ ಕಾಣಲಿಲ್ಲ. 2015ರ ಒಪ್ಪಂದದ ವ್ಯಾಖ್ಯೆ ಕೂಡ ವಲ್ವೊಡೀನಿಯಾ ಅಂದರೆ ಸ್ಪಷ್ಟ ಕಾರಣ ಗುರುತಿಸಲಾಗದ, ಕನಿಷ್ಠ ಮೂರು ತಿಂಗಳ ನೋವು ಅಂತಲೇ ಹೇಳುತ್ತೆ. ಕಾರಣ ಗೊತ್ತಿಲ್ಲ ಅಂತ ಪ್ರಾಮಾಣಿಕವಾಗಿ ಒಪ್ಪಿಕೊಂಡದ್ದೇ ಆ ವ್ಯಾಖ್ಯೆಯ ಬೆಲೆ. ‘ಕಾರಣ ಗೊತ್ತಿಲ್ಲ’ ಅನ್ನೋದಕ್ಕೂ ‘ನಿಮಗೇನೂ ಇಲ್ಲ’ ಅನ್ನೋದಕ್ಕೂ ನಡುವಿನ ದೂರ ದಾಟೋಕೆ ವೈದ್ಯಶಾಸ್ತ್ರಕ್ಕೆ ನೂರೈವತ್ತು ವರ್ಷ ಬೇಕಾಯಿತು.

ಐದನೆಯ ಡಾಕ್ಟರ್ ಒಂದು ಹತ್ತಿ ಕಡ್ಡಿ ತಗೊಂಡು, ‘ಇಲ್ಲಿ? ಹತ್ತಕ್ಕೆ ಎಷ್ಟು?’ ಅಂತ ಕೇಳಿದರು. ‘ಒಂಬತ್ತು’ ಅಂದೆ. ‘ಸರಿ’ ಅಂತ ಬರೆದುಕೊಂಡರು. ಆ ‘ಸರಿ’ಯೇ ನನಗೆ ಮೊದಲ ಔಷಧಿ. ಆಮೇಲೆ ಕಿಬ್ಬೊಟ್ಟೆ ತಳದ ಸ್ನಾಯುಗಳಿಗೆ ಫಿಸಿಯೋಥೆರಪಿ ಶುರು ಮಾಡಿದೆ, ಒಂದು ವರ್ಷ. ಈಗ ಮೂರು, ಕೆಲವು ದಿನ ಐದು. ಪೂರ್ತಿ ಹೋಗಿಲ್ಲ. ನನ್ನ ಗಂಡ ಮೊದಲ ಎರಡು ವರ್ಷ ತಪ್ಪು ತನ್ನದೇ ಅಂದುಕೊಂಡಿದ್ದ. ನಾನು ನನ್ನದು ಅಂದುಕೊಂಡಿದ್ದೆ. ಇದೊಂದು ನೋವು, ಯಾರ ತಪ್ಪೂ ಅಲ್ಲ ಅಂತ ಗೊತ್ತಾದ ರಾತ್ರಿ ಇಬ್ಬರೂ ಚಹಾ ಮಾಡಿಕೊಂಡು ಬಾಲ್ಕನಿಯಲ್ಲಿ ಎರಡು ಗಂಟೆವರೆಗೆ ಕೂತಿದ್ದೆವು.

ನಿಮಗೋ ನಿಮ್ಮ ಮನೆಯವರಿಗೋ ಹೀಗಿದ್ದರೆ ಹೋಗುವ ಮೊದಲು ಕನ್ನಡದಲ್ಲೇ ಒಂದು ಚೀಟಿ ಬರೆದುಕೊಳ್ಳಿ: ಎಲ್ಲಿ, ಯಾವಾಗಿನಿಂದ, ಎಂಥ ನೋವು, ಎಷ್ಟು ಹೊತ್ತು. ಆಮೇಲೆ ಇಂಗ್ಲಿಷಿಗೋ ಹಿಂದಿಗೋ ಮಾಡಿಕೊಳ್ಳಿ. ‘ಎಲ್ಲ ನಾರ್ಮಲ್’ ಅಂದರೆ, ‘ರಿಪೋರ್ಟ್ ನಾರ್ಮಲ್, ನೋವು ಇದೆ, ಮುಂದೇನು?’ ಅಂತ ಕೇಳಿ. ನೋವಿರುವಾಗ ಹಲ್ಲು ಕಚ್ಚಿಕೊಂಡು ಮುಂದುವರಿಯಬೇಡಿ.

ಈ ವಿಡಿಯೋ ಮಾಡುವ ಮೊದಲು ದೀಪಾವಳಿಗೆ ಹುಬ್ಬಳ್ಳಿಗೆ ಹೋಗಿದ್ದೆ. ಅಡುಗೆಮನೆಯಲ್ಲಿ ಚಿಗವ್ವನ ಜೊತೆ ಚಕ್ಕುಲಿ ಒತ್ತುತ್ತಾ ಇದನ್ನೆಲ್ಲ ಹೇಳಿದೆ, ಸಿಮ್ಸ್‌ನಿಂದ ಹಿಡಿದು ಹತ್ತಿ ಕಡ್ಡಿಯವರೆಗೆ. ಅವಳು ಎಣ್ಣೆ ನೋಡುತ್ತಾ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು: ‘ನನಗೂ ಹಂಗ ಆಗ್ತಿತ್ತು. ಎರಡು ಕೂಸು ಆದ ಮ್ಯಾಲೂ ಹೋಗಲಿಲ್ಲ. ನೀನಾದ್ರೂ ಕೇಳಿದಿ ನೋಡು ತಂಗಿ.’